ಎಂಟನೆಯ ಬೋಲ್ಟು

ಎಂಜಿನ್ನು ಒಡೆದದ್ದು ತನ್ನಿಂದಲೇ ಎಂಬುದು ಮೆಕ್ಯಾನಿಕ್ ಸಂಜೀವಪ್ಪನಿಗೆ ಮಾತ್ರ ಗೊತ್ತಿತ್ತು. ಮೂರು ತಿಂಗಳ ಹಿಂದೆ ಗೆಳೆಯ ಬೈರಣ್ಣನ ಟ್ಯಾಕ್ಸಿಯ ಎಂಜಿನ್ ಬಿಚ್ಚಿ ಜೋಡಿಸುವಾಗ ಅವನು ಪಿಸ್ಟನ್ನಿಗೆ ಕೂಡಿಕೊಂಡ ಕನೆಕ್ಟಿಂಗ್ ರಾಡಿನ ಹಳೆಯ ಬೋಲ್ಟುಗಳನ್ನೇ ತಿರುಗಿ ಹಾಕಿದ್ದ. ಅವು ಆಗಲೇ ಜಗ್ಗಿ ಉದ್ದವಾಗಿದ್ದವು. ಬೈರಣ್ಣ ಹೊಸ ಹೆಂಡತಿ ರಮ್ಯಳನ್ನು ಮನೆ ತುಂಬಿಸಲು ಕರೆತರುವ ದಿನವೇ, ತಮ್ಮೂರು ದೊಡ್ಡಬಳ್ಳಾಪುರ ಎರಡು ಮೈಲಿ ಇರುವಾಗ, ಒಂದು ಬೋಲ್ಟು ತುಂಡಾಗಿ ರಾಡು ಎಂಜಿನ್ನಿನ ಗೋಡೆಯನ್ನೇ ತೂತು ಮಾಡಿಕೊಂಡು ಹೊರಬಂತು. "ಏನಪ್ಪಾ ಇದು?" ಎಂದು ಬೈರಣ್ಣನ ತಾಯಿ ಪಿಳ್ಳಮ್ಮ ಕೇಳಿದಾಗ ಸಂಜೀವಪ್ಪ, "ದೃಷ್ಟಿ ಕಣಮ್ಮ" ಎಂದುಬಿಟ್ಟ. ಪಿಳ್ಳಮ್ಮ ಅದನ್ನು ಸೊಸೆಯ ಕಾಲ್ಗುಣ ಎಂದು ತಿದ್ದಿಕೊಂಡಳು. ಹಾಗೇ ಹಿಂದಕ್ಕೆ ಕಳಿಸಿಬಿಟ್ಟ ರಮ್ಯ ಈಗ ನಂದಗುಡಿಯ ತವರಿನಲ್ಲಿದ್ದಳು.

ಎಂಜಿನ್ನಿನ ತೂತಾದ ಗೋಡೆ, ಮುರಿದ ರಾಡು ಬದಲಾಯಿಸುವಷ್ಟರಲ್ಲಿ ಎರಡು ತಿಂಗಳಾಯಿತು. ಹೊಸ ಬೋಲ್ಟಿಗೆಂದು ಗೆಳೆಯರಿಬ್ಬರೂ ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಿಗೆ ಹೋದರು. ಕಾರು ಕಂಪನಿಯವು ಸಿಗಲಿಲ್ಲ. ಹೊರಗಿನ ತಯಾರಿಕೆಯವು ಎರಡು ಬಗೆ ಇದ್ದವು: ಒಂದು ಬೆಳ್ಳಿಯಂತೆ ಹೊಳೆಯುವುದು, ಇನ್ನೊಂದು ಕಪ್ಪು.

"ಮಿಂಚೋದ್ ತಗೋ ಗುರು. ಇದೇನಿದು, ಕಾಗೆ ಮರಿ ಇದ್ದಂಗಿದೆ," ಎಂದ ಬೈರಣ್ಣ.

"ಒಳಗಿರೋ ಬೋಲ್ಟ್‌ನ ಯಾವನ್ ನೋಡ್ತಾನೋ? ಇದರ ತಲೆ ಮೇಲೆ ನಂಬರ್ ಹೊಡ್ದಿದೆ ನೋಡು, 12.9. ಅಂದ್ರೆ ಗಟ್ಟಿ ಉಕ್ಕು. ನಿನ್ ಮಿಂಚೋದ್ರ ಮೇಲೆ ಏನೂ ಇಲ್ಲ."

ಕಪ್ಪಿನವೇ ಎಂಟು ಕೊಂಡರು. ಆ ಬಣ್ಣ ಪಿಳ್ಳಮ್ಮನಿಗೆ ಸರಿಬರಲಿಲ್ಲ. ಸಪ್ಪಲಮ್ಮನ ಗುಡಿಯಲ್ಲಿ ಪೂಜೆ ಮಾಡಿಸದೆ ಹಾಕಕೂಡದೆಂದು ಪೊಟ್ಟಣ ಎತ್ತಿಕೊಂಡು ಹೋದಳು. ಹಳೆಯದರ ಪಕ್ಕ ಹಿಡಿದು ಉದ್ದ ನೋಡಲೆಂದು ಸಂಜೀವಪ್ಪ ಹೊರಗಿಟ್ಟಿದ್ದ ಒಂದು ಮಾತ್ರ ಗ್ಯಾರೇಜಿನಲ್ಲೇ ಉಳಿಯಿತು.

ಮರುದಿನ ಬೈರಣ್ಣನ ಕೂಡ ಪೊಟ್ಟಣ ಹಿಡಿದು ಪಿಳ್ಳಮ್ಮನೂ ಬಂದು ಬೆಂಚಿನ ಮೇಲೆ ಕೂತಳು. ಸಂಜೀವಪ್ಪ ಎಂಟಕ್ಕೂ ಎಣ್ಣೆ ಸವರಿ ಒಂದೊಂದಾಗಿ ಬಿಗಿದ. ಪೊಟ್ಟಣದ ಏಳರ ಥ್ರೆಡ್ಡಿನ ಸುರುಳಿಯೊಳಗೆ ಕೆಂಪಗಿದ್ದುದನ್ನು ಕಾರ್ಖಾನೆಯ ಗ್ರೀಸೆಂದುಕೊಂಡ. ಈ ಸಲ ಕೈ ಅಂದಾಜು ನಂಬದೆ, ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿದ್ದ ಭಾಮೈದನಿಂದ ಟಾರ್ಕ್ ರೆಂಚು ತರಿಸಿದ್ದ. ಗೊತ್ತುಮಾಡಿದಷ್ಟು ಬಿಗಿಯಾದೊಡನೆ ಅದು ಟಕ್ ಎನ್ನುತ್ತಿತ್ತು. ಏಳು ಸಲ ಟಕ್ ಎಂದಿತು. ಎಂಟನೆಯದು, ಗುಡಿಗೆ ಹೋಗದೆ ಉಳಿದದ್ದು, ಕಾಲು ಸುತ್ತು ಹೆಚ್ಚಿಗೆ ತಿರುಗಿದ ಮೇಲೆ ಟಕ್ ಎಂದಿತು.

ಅವನು ಏಳನೆಯದನ್ನು ಬಿಚ್ಚಿ ಬೆಳಕಿಗೆ ಹಿಡಿದ. ಕುಂಕುಮ. ಎಣ್ಣೆಯಲ್ಲಿ ಕಲೆಸಿ ಅಂಟಾಗಿತ್ತು. ರೆಂಚಿನ ಬಲವನ್ನೆಲ್ಲ ಅದೇ ತಿಂದುಹಾಕಿತ್ತು. ಬಿಗಿದಂತೆ ಕಂಡರೂ ಬೋಲ್ಟು ಬಿಗಿದಿರಲಿಲ್ಲ.

ಸೀಮೆಎಣ್ಣೆ ಡಬ್ಬ ಎಳೆದುಕೊಂಡ.

ಪಿಳ್ಳಮ್ಮ ಎದ್ದೇಬಿಟ್ಟಳು. "ಲೇ ಸಂಜೀವ! ತಾಯಿ ಕುಂಕುಮ ಕಣೋ ಅದು, ಅಳಿಸ್ತಾರಾ ಯಾರಾದ್ರೂ? ಮತ್ತೆ ದೃಷ್ಟಿ ಆದ್ರೆ?"

ಹಾಗೇ ಬಿಟ್ಟು ಅಡಿಯ ಆಯಿಲ್ ಚೇಂಬರ್ ಮುಚ್ಚಬಹುದಿತ್ತು. ಮತ್ತೆ ಒಡೆದರೆ ಕಾಲ್ಗುಣವೆನ್ನಲು ಸೊಸೆಯೊಬ್ಬಳಿದ್ದಳು. ಆ ಯೋಚನೆ ಬಂತು. ಬಂದದ್ದು ಅವನಿಗೆ ತಿಳಿಯಿತು.

"ಹೋದ್ಸಲ ಆಗಿದ್ದು ದೃಷ್ಟಿ ಅಲ್ಲಮ್ಮ. ಹಳೇ ಬೋಲ್ಟು. ಗೊತ್ತಿದ್ದೂ ನಾನೇ ಹಾಕ್ದೆ."

ಪಿಳ್ಳಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಆ ಹೆಣ್ಮಗಾ ಎರಡ್ ತಿಂಗ್ಳಿಂದ ಅಲ್ಲಿ ಕೂತದೆ," ಎಂದಳು.

ಮಿಕ್ಕ ಬೋಲ್ಟುಗಳನ್ನು ಸಂಜೀವಪ್ಪ ಬಿಚ್ಚಿ ಕೊಟ್ಟಂತೆಲ್ಲ ಬೈರಣ್ಣ ತಾನೇ ಸೀಮೆಎಣ್ಣೆಗೆ ಹಾಕಿದ.

ಎರಡು ದಿನದ ಮೇಲೆ ಎಂಜಿನ್ನು ಶುರುವಾಯಿತು. ಪಿಳ್ಳಮ್ಮ ಹಿಂದಿನ ಸೀಟಿನಲ್ಲಿ ಕೂತು, ಬಾಗಿಲು ಮುಚ್ಚಲಿಲ್ಲ.

"ಹತ್ತಪ್ಪಾ, ನಂದಗುಡಿಗೆ. ನನ್ ಬಾಯಲ್ಲಿ ಇದು ಬರಾಕಿಲ್ಲ. ನಿನ್ ತಪ್ಪು ನೀನೇ ಹೇಳು."

ಸಂಜೀವಪ್ಪ ಕೈ ಒರೆಸಿಕೊಂಡು ಹತ್ತಿದ. ಹೊಸದಾಗಿ ಜೋಡಿಸಿದ ಎಂಜಿನ್ನನ್ನು ಮೊದಮೊದಲು ನಲವತ್ತರ ಮೇಲೆ ಓಡಿಸಬಾರದೆಂದು ಬೈರಣ್ಣನಿಗೆ ಹೇಳಿದ್ದವನು ಅವನೇ. ಈಗ ಬೇಗ ಹೋಗಿ ಹೇಳಿ ಮುಗಿಸಿದರೆ ಸಾಕೆನಿಸುತ್ತಿತ್ತು; ಬೈರಣ್ಣ ಮೂವತ್ತೂ ದಾಟಲಿಲ್ಲ.