ಕಾರಿನ ಸೀಮಂತ

"ಬಸರಾಗೂದು ಯಾವಾಗಿಂದ ಕುಂಟತನ ಆತಬೇ? ತಗೀ ಆ ಡಬ್ಬಾ ಗಾಡಿ!"

ದೇವಸ್ಥಾನದ ಬಾಗಿಲಲ್ಲಿ ನಿಂತು ಚಿದಾನಂದ್ ಗದರಿದರು. ಟೆಕ್ಸಸ್ಸಿನ ರೌಂಡ್ ರಾಕ್ ಊರಿನ ಕನ್ನಡಿಗರ ಮದುವೆ-ಮುಂಜಿಗಳಿಗೆಲ್ಲ ಅವರದೇ ಕೇಟರಿಂಗ್. ದೇವಸ್ಥಾನದ ಸಮಿತಿಗೂ ಅವರೇ ಅಧ್ಯಕ್ಷರು. ಅವರ ಅಡುಗೆಮನೆಯಲ್ಲಿ ದುಡಿಯುವ ಗೋದಾವರಿ ಪ್ರಸಾದದ ಪುಳಿಯೋಗರೆ ಟ್ರೇಗಳನ್ನು ತನ್ನ ಹಳೆಯ ಕಾರಿನಲ್ಲಿ ಹೇರಿಕೊಂಡು ಬಂದಿದ್ದಳು. ಮುಂದಿನ ಕನ್ನಡಿಯಲ್ಲಿ ಅಂಗವಿಕಲರ ಪಾರ್ಕಿಂಗಿನ ತಾತ್ಕಾಲಿಕ ಕೆಂಪು ಪರ್ಮಿಟ್ ತೂಗುತ್ತಿತ್ತು. ಮಾಸು ಕೆಳಗೆ ಕೂತಿದೆ, ಎರಡು ಸಲ ರಕ್ತ ಕಂಡಿದೆ, ಹೆಚ್ಚು ನಡೆಯಕೂಡದು ಎಂದು ಡಾಕ್ಟರೇ ಸಹಿ ಹಾಕಿ ಕೊಡಿಸಿದ್ದು.

ಗಾಲಿಕುರ್ಚಿಯ ಚಿತ್ರ ಬರೆದ ಎರಡು ಜಾಗಗಳು ಬಾಗಿಲಿಗೆ ಅಂಟಿಕೊಂಡೇ ಇದ್ದವು. ಎರಡನ್ನೂ ಮೆಟ್ಟಿ, ಗರ್ಭಗುಡಿಗೆ ಮುಖ ಮಾಡಿ, ಚಿದಾನಂದರ ಹೊಸ ಕಾರು ಬಿಜಯಂಗೈದಿತ್ತು. ಅರಿಸಿನ ಕುಂಕುಮವಾಗಿತ್ತು. ಗಾಲಿಗಳ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ತುಂಬ ಡಾಲಸ್ಸಿನಿಂದ ತರಿಸಿದ ಮಲ್ಲಿಗೆ. ಚೊಚ್ಚಲು ಬಸುರಿ ಗೋದಾವರಿಗೆ ಇನ್ನೂ ಯಾರೂ ಒಂದು ಮೊಳ ಮುಡಿಸಿರಲಿಲ್ಲ.

"ನಡೀಬ್ಯಾಡ ಅಂದಾರ್ರಿ ಸಾಹೇಬ್ರ, ಡಾಕ್ಟರು."

"ಅವರಿಗೇನು, ಬಿಲ್ ಆದ್ರ ಸಾಕು. ಕೆಳಗ ಹಚ್ಚಿ ಬಾ."

ಆರತಿ ತಟ್ಟೆ ಹಿಡಿದಿದ್ದ ರಾಜಲಕ್ಷ್ಮಿ ಆಂಟಿ ಮೆತ್ತಗೆ ನಕ್ಕರು. "ರಿಯಾ ಹೊಟ್ಟೇಲಿದ್ದಾಗ ನಾನು ಎಂಟು ತಿಂಗಳೂ ಹೈಕ್ ಮಾಡ್ದೆ ಕಣಮ್ಮ. ನಡೆದ್ರೆ ಹೆರಿಗೆ ಸಲೀಸು."

ಅರ್ಚಕರು ಗಡಿಯಾರ ನೋಡಿಕೊಂಡರು. "ಒಂಬತ್ತಕ್ಕೆ ರಾಹುಕಾಲ. ಅದರೊಳಗೆ ಗಾಡಿ ಹೊರಡಬೇಕು. ವಾಹನವೂ ಲಕ್ಷ್ಮಿಯೇ ಮಗಳೇ, ಸ್ವಲ್ಪ ಸಹಕರಿಸು."

ಗೋದಾವರಿ ಲಕ್ಷ್ಮಿಗೆ ದಾರಿ ಬಿಟ್ಟು ಕೆಳಗಿನ ಜಲ್ಲಿ ಬಯಲಿನಲ್ಲಿ ಗಾಡಿ ನಿಲ್ಲಿಸಿದಳು. ಒಂದು ಟ್ರೇ ಎತ್ತಿಕೊಂಡು ದಿಬ್ಬ ಹತ್ತತೊಡಗಿದಳು. ಅರ್ಧ ದಾರಿಯಲ್ಲಿ ಕಿಬ್ಬೊಟ್ಟೆ ಹಿಂಡಿತು. ತೊಡೆಗುಂಟ ಬೆಚ್ಚಗೆ ಇಳಿಯಿತು. ಟ್ರೇ ಕೈಜಾರಿತು.

"ಏ ಹಲ್ಕಟ್!" ಮೇಲಿನಿಂದ ಚಿದಾನಂದರ ದನಿ. "ದೇವರ ಪ್ರಸಾದ ನೆಲಕ್ಕ ಹಾಕ್ತೀ? ಪಾಪ ಹತ್ತೂದಿಲ್ಲ ನಿನಗ?"

ಅವಳು ದಾರಿಬದಿಯ ಗೋಡೆ ಹಿಡಿದು ಇಳಿದು ಕಾರಿನಲ್ಲಿ ಕೂತಳು, ಫೋನಿನಲ್ಲಿ ವಿಳಾಸ ಹೇಳಿದಳು. ಆಮೇಲೆ ಗಾಡಿಯನ್ನು ಮೇಲಕ್ಕೆ ತಂದು, ಹೂ ಮುಡಿದ ಕಾರಿನ ಬೆನ್ನಿಗೆ ತಾಗಿಯೂ ತಾಗದಂತೆ ಅಡ್ಡ ನಿಲ್ಲಿಸಿದಳು. ಮುಂದೆ ದೇವಸ್ಥಾನದ ಮೆಟ್ಟಿಲು, ಹಿಂದೆ ಗೋದಾವರಿ.

"ಏ ರಂಡೆ, ಒಂಬತ್ತಾಗಾಕ ಬಂತು! ತಗೀ!"

"ಆಂಬುಲೆನ್ಸಿಗೆ ಹೇಳೀನ್ರಿ. ಗುಡಿ ಬಾಗಲಾಗ ಇರ್ತೀನಿ ಅಂದೀನಿ. ಅದು ಬರೂತನಕ ಅಲುಗಾಡೂದಿಲ್ಲ."

"ಚಾವಿ ಕೊಡು, ನಾನ ಸೈಡಿಗೆ ಹಾಕ್ತೀನಿ."

ಗೋದಾವರಿ ಚಾವಿ ಕಿತ್ತು ಕುಪ್ಪಸದೊಳಗೆ ತುರುಕಿಕೊಂಡಳು. "ತಗೋರಿ. ಭಟ್ಟರ ಮುಂದನ ಕೈ ಹಾಕ್ರಿ, ನೋಡೂಣು."

ಚಾಚಿದ ಕೈ ಕಿಟಕಿಯಲ್ಲೇ ನಿಂತಿತು. ಬಗ್ಗಿ ಇಣುಕಿದ ರಾಜಲಕ್ಷ್ಮಿ ಆಂಟಿ ಸೀಟು ಕೆಂಪಾಗಿದ್ದುದನ್ನು ಕಂಡು ಹಿಂದೆ ಸರಿದರು. ತಟ್ಟೆಯ ಆರತಿ ಆರಿತು.

"ಬಂದೇ ಬಿಡ್ತು ರಾಹುಕಾಲ," ಎಂದು ಅರ್ಚಕರು ಒಳಗೆ ನಡೆದರು.

"ಎಂಥಾ ಅನಿಷ್ಟದಾಕಿ ಗಂಟು ಬಿದ್ದಿ," ಎಂದರು ಚಿದಾನಂದ್, ತಮ್ಮ ಕಾರಿನ ಹೂವು ಸರಿಪಡಿಸುತ್ತ.

ಗೋದಾವರಿ ಸೀಟು ಹಿಂದಕ್ಕೆ ಬಾಗಿಸಿ ಮಲಗಿದಳು. ಸೈರನ್ ಇನ್ನೂ ಕೇಳಿಸುತ್ತಿರಲಿಲ್ಲ. ಹೊಟ್ಟೆಯ ಮೇಲೆ ಅಂಗೈ ಒತ್ತಿ, ಒಳಗಿನಿಂದ ಒಂದು ಒದೆತಕ್ಕೆ ಕಾದಳು.