ಬೆಳ್ಳಿಯ ಪುಟ್ಟ ಗುದ್ದಲಿ

"ಚಮಚವೂ ಅಲ್ಲ, ಫೋರ್ಕೂ ಅಲ್ಲ. ಏನಿದು ಹೇಳು ನೋಡೋಣ," ಎಂದು ಗ್ಲೆನಿಸ್ ಅಂಗೈ ಚಾಚಿದಳು.

ಬೆರಳುದ್ದದ ಬೆಳ್ಳಿ. ಹಿಡಿಯ ಮೇಲೆ ಬಳ್ಳಿಯ ಕೆತ್ತನೆ, ತುದಿಯಲ್ಲಿ ಗುದ್ದಲಿಯ ಹಾಗೆ ಬಾಗಿದ ಚಪ್ಪಟೆ ತಗಡು. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಗ್ಲೆನಿಸ್ ಲೋಹ ಹುಡುಕುವ ಯಂತ್ರ ಹಿಡಿದು ನೆರೆಯ ರೆಜ್‌ನ ಹೊಲಗಳಲ್ಲಿ ಅಲೆಯುತ್ತಿದ್ದಳು. ಇದು ಸಿಕ್ಕಿದ್ದು ಹಳೇ ಮನೆಯ ಹೊಗೆಗೂಡಿನ ಬುಡದಲ್ಲಿ. ಆ ಮನೆ ಕಾಳ್ಗಿಚ್ಚಿಗೆ ಸುಟ್ಟುಹೋದದ್ದು ರೆಜ್ ಹುಟ್ಟುವ ಮೊದಲೇ; ಉಳಿದದ್ದು ಹೊಗೆಗೂಡೊಂದೇ.

"ಅಪ್ಪ ತಂಬಾಕಿನ ಪೈಪ್ ಕೆರೆಯೋಕೆ ಇಟ್ಕೊಂಡಿದ್ದನೋ ಏನೋ," ಎಂದ ರೆಜ್.

"ನಿಮ್ಮಪ್ಪ? ಬೆಳ್ಳೀಲಿ?" ಅವನ ಹೆಂಡತಿ ನೆಲ್ ಅಡಿಗೆಮನೆಯಿಂದಲೇ ನಕ್ಕಳು. "ಬೆಲ್ಟಿನ ಬದಲು ಹುಲ್ಲು ಕಟ್ಟೋ ದಾರ ಸುತ್ಕೊಳ್ತಿದ್ದ ಮನುಷ್ಯ. ತಾ ಇಲ್ಲಿ."

ನಲ್ಲಿಯ ಕೆಳಗೆ ಹಿಡಿದು ಹೆಬ್ಬೆರಳಲ್ಲಿ ತಿಕ್ಕುತ್ತಿದ್ದವಳ ನಗು ನಿಂತಿತು. "ಇದು ಮಕ್ಕಳದು. ತಟ್ಟೇಲಿರೋದನ್ನ ಚಮಚಕ್ಕೆ ತಳ್ಕೊಳ್ಳೋಕೆ ಕೊಡ್ತಿದ್ರು. ನಮ್ಮನೇಲೂ ಒಂದಿತ್ತು."

"ಆ ಮನೇಲಿ ಯಾವ ಮಗು? ನಾನೊಬ್ಬನೇ ಮಗ. ಹುಟ್ಟಿದ್ದು ಇಲ್ಲಿ."

"ಮೊದಲಿದ್ದವರದ್ದಿರಬಹುದು," ಎಂದಳು ಗ್ಲೆನಿಸ್.

"ಮೊದಲು ಯಾರೂ ಇರ್ಲಿಲ್ಲ. ಅಪ್ಪಾನೇ ಕಟ್ಟಿದ್ದು."

ನೆಲ್ ಅದನ್ನು ಒರೆಸಿ, ಹಿಡಿಯ ಹಿಂಬದಿ ಮೇಲೆ ಮಾಡಿ ಗಂಡನ ಕೈಗಿಟ್ಟಳು. ರೆಜ್ ಕನ್ನಡಕ ಹಾಕಿಕೊಂಡ. ಅಲ್ಲೂ ಬಳ್ಳಿ, ನಡುವೆ ಒಂದು ಹುಡುಗಿಯ ಹೆಸರು: ಐವಿ.

ಅವನು ಕುರ್ಚಿ ಎಳೆದು ಕೂತ. ಅಮ್ಮ ತೊರೆಗೆ ಹೋಗುವಾಗ ಹೊಗೆಗೂಡಿನ ದಾರಿ ಹಿಡಿಯುತ್ತಿರಲಿಲ್ಲ. ಬೇಲಿಯಂಚಿನಲ್ಲಿ ಬಳಸಿಕೊಂಡು ಹೋಗುತ್ತಿದ್ದಳು. ಅಲ್ಲಿ ಹಾವು ಜಾಸ್ತಿ ಅಂತ ಅಪ್ಪ ಹೇಳಿದ್ದ. ಇಷ್ಟು ವಯಸ್ಸಾದರೂ ರೆಜ್ ಆ ಹಾವನ್ನೇ ನಂಬಿಕೊಂಡಿದ್ದ.

"ಅಕ್ಕ ಇದ್ಲು ಅಂತ ಒಂದು ಮಾತು ಹೇಳಬಹುದಿತ್ತು ನಂಗೆ."

"ಹೇಳೋಕೆ ಬಾಯಿ ಬಂದಿರಲ್ಲ ಕಣೋ," ಎಂದಳು ನೆಲ್.

ಅವನೆದ್ದು ಹ್ಯಾಟು ಹಾಕಿಕೊಂಡ. "ಎಲ್ಲಿ ಸಿಕ್ತು, ತೋರ್ಸು."

ಗ್ಲೆನಿಸ್ ಅಗೆದು ಮುಚ್ಚಿದ ಜಾಗ ಇನ್ನೂ ಹಸಿಯಾಗಿತ್ತು. ರೆಜ್ ಅದನ್ನೇ ನೋಡುತ್ತಾ ನಿಂತ. ಆಮೇಲೆ ಯಂತ್ರಕ್ಕೆ ಕೈ ನೀಡಿದ.

"ಇನ್ನೇನು ಹುಡುಕ್ತೀಯ?"

"ಮಕ್ಕಳು ಒಂದನ್ನೇ ಬೀಳಿಸಿ ಸುಮ್ನಿರಲ್ಲ."

ಅವನು ಹೆಜ್ಜೆಯಿಟ್ಟಲ್ಲೆಲ್ಲ ಯಂತ್ರ ಕಿರುಚಿತು. "ನಿನ್ನ ಬೂಟಿನ ಕಬ್ಬಿಣ ಅದು," ಎಂದಳು ಗ್ಲೆನಿಸ್.

ರೆಜ್ ಹೊಗೆಗೂಡಿಗೆ ಕೈಯೂರಿ ಒಂದೊಂದಾಗಿ ಬೂಟು ಕಳಚಿ ಪಕ್ಕಕ್ಕಿಟ್ಟ. ಆಮೇಲೆ ಉಣ್ಣೆಯ ಕಾಲುಚೀಲದಲ್ಲಿ, ಸದ್ದಾಗದಂತೆ, ಹುಲ್ಲಿನ ಮೇಲೆ ನಡೆಯತೊಡಗಿದ.