ಅಟ್ಟದ ಮೇಲಿನ ಗಾಳಿ

ಯಂತ್ರದ ಬೆಲೆ ಅರವತ್ತೆಂಟು ಸಾವಿರ ರೂಪಾಯಿ. ರುದ್ರವ್ವ ಅದನ್ನು ಕೇಳಿದ ಕೂಡಲೇ ರೊಟ್ಟಿಯಲ್ಲಿ ಲೆಕ್ಕ ಹಾಕಿದಳು. ಜೋಳದ ರೊಟ್ಟಿ ಒಂದಕ್ಕೆ ಹದಿನೈದು, ದಿನಕ್ಕೆ ತೊಂಬತ್ತು ರೊಟ್ಟಿ. ಹಿಟ್ಟಿನ ಖರ್ಚು ಕಳೆಯದೆ ಐವತ್ತು ದಿನ ಬಡಿದರೆ ಈ ಡಬ್ಬಿ. ಒಡೆದ ಪ್ಯಾಕಿಂಗ್ ಪೆಟ್ಟಿಗೆಗಳ ಕಟ್ಟಿಗೆ ಹೊರೆಗೆ ಎಂಬತ್ತು, ಎರಡು ದಿನ ಉರಿಯುತ್ತದೆ. ಹೋಟೆಲಿನವರು ಕೊಳ್ಳುವ ಗ್ಯಾಸ್ ಸಿಲಿಂಡರಿಗೆ ಹದಿನೆಂಟುನೂರು, ಅದು ಎಂಟು ದಿನ ಬಂದರೆ ಪುಣ್ಯ. ಹೀಗಾಗಿ ಮುಂಬೈ ಧಾರಾವಿಯ ಅವಳ ಒಂದೇ ಖೋಲಿಯ ಮನೆಯಲ್ಲಿ ಚಹಾ ಗ್ಯಾಸಿನ ಮೇಲೆ, ರೊಟ್ಟಿ ಕಟ್ಟಿಗೆಯ ಒಲೆಯ ಮೇಲೆ.

ಯಂತ್ರ ತಂದವಳು ಮಾಧುರಿ. ಧಾರವಾಡದ ಮನೆತನ, ಹುಟ್ಟಿ ಬೆಳೆದದ್ದು ಮಾಟುಂಗದಲ್ಲಿ. ಡಾಕ್ಟರು ಹೌದು, ಆದರೆ ಗುಳಿಗೆ ಕೊಡುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಜನ ಎಂಥ ಗಾಳಿ ಉಸಿರಾಡುತ್ತಾರೆ, ಅದರಿಂದ ಅವರ ಮೈಗೆ ಏನಾಗುತ್ತದೆ ಎಂದು ತಿಳಿಯಲು ಇನ್ನೂರು ಮನೆ ಆರಿಸಿಕೊಂಡು ತಿರುಗುತ್ತಿದ್ದಳು. ಕೇಳುವುದೇ ಅವಳ ವೈದ್ಯ. ಎಷ್ಟು ಹೊತ್ತಿಗೆ ಏಳುತ್ತೀರಿ, ಏನು ಸುಡುತ್ತೀರಿ, ಕೆಮ್ಮು ಬೆಳಿಗ್ಗೆಯೋ ಸಂಜೆಯೋ.

ಕೇಳುವುದರಲ್ಲಿ ರುದ್ರವ್ವನೂ ಕಡಿಮೆಯವಳಲ್ಲ.

“ಗಾಳೀನ ಹ್ಯಾಂಗ ಅಳೀತೀರಿ ಬಾಯಾರ? ಸೇರಿನಾಗೋ, ಗಜದಾಗೋ?”

“ಇದು ಗಾಳಿ ಒಳಗ ಎಳಕೊಂಡು ಅದರಾಗಿನ ಧೂಳು ಲೆಕ್ಕಾ ಮಾಡ್ತದ, ರುದ್ರವ್ವಾರ. ಮಿನಿಟಿಗೊಮ್ಮೆ. ಭಾಳ ಬಾರೀಕ್ ಧೂಳು, ಕಣ್ಣಿಗೆ ಕಾಣೂದಿಲ್ಲ.”

“ಕಾಣದ್ದನ್ನ ಲೆಕ್ಕಾ ಮಾಡೂ ಕೆಲಸಕ್ಕ ಪಗಾರ ಕೊಡ್ತಾರ?”

“ಕೊಡ್ತಾರ,” ಎಂದು ಮಾಧುರಿ ನಕ್ಕಳು. “ಥೋಡಾ ಕಮ್ಮಿ ಕೊಡ್ತಾರ.”

ನಿಯಮ ಸರಳವಾಗಿತ್ತು. ಎರಡು ದಿನ ಡಬ್ಬಿಯನ್ನು ಪಟ್ಟಿ ಕಟ್ಟಿ ಎದೆಯ ಮೇಲೆ ಹಾಕಿಕೊಂಡಿರಬೇಕು. ಸ್ನಾನಕ್ಕೆ ಮಾತ್ರ ತೆಗೆಯಬೇಕು, ಮಲಗುವಾಗ ತಲೆದೆಸೆಗೆ ಇಟ್ಟುಕೊಳ್ಳಬೇಕು. ಯಾವ ತಾಸಿನಲ್ಲಿ ಏನು ಮಾಡಿದೆ ಎಂದು ಒಂದು ಹಾಳೆಯಲ್ಲಿ ಬರೆಯಬೇಕು. ರುದ್ರವ್ವನಿಗೆ ಅಕ್ಷರ ಬಾರದ ಕಾರಣ ಬರೆಯುವ ಕೆಲಸ ಸೊಸೆ ಶಿವಕುಮಾರಿಯ ಪಾಲಿಗೆ ಬಂತು.

ಸಂಜೆ ಹಣಮಂತ ಬಂದು ಬಾಗಿಲಿಗೆ ಒರಗಿದ. ಕಟ್ಟಡದ ಗೌಂಡಿ ಕೆಲಸದವನು. ತನ್ನ ಟೋಳಿಯ ಆಳುಗಳಿಗೆಂದು ದಿನಾ ಬೆಳಿಗ್ಗೆ ಮೂವತ್ತು ರೊಟ್ಟಿ ಒಯ್ಯುವ ಗಿರಾಕಿ, ಆದ್ದರಿಂದ ಅವನಿಗೆ ಮಾತಾಡುವ ಹಕ್ಕೂ ಸ್ವಲ್ಪ ಹೆಚ್ಚು.

“ರುದ್ರಕ್ಕಾ, ಕೊಳ್ಳಾಗ ಪೊಲೀಸ್ನ ಕಟಗೊಂಡಿ ನೋಡು. ಬೇಕರಿ ಭಟ್ಟಿಯವರಿಗೆ ಕಟಗಿ ಸುಡಬ್ಯಾಡ್ರಿ ಅಂತ ನೋಟೀಸ್ ಬಂದೈತಿ. ನಾಳೆ ನಿನ್ನ ಒಲಿ ಪಾಳಿ.”

“ಮೊದಲ ನಿನ್ನ ಬೀಡಿ ಹೆಸರ ಬರಕೋತೈತಿ. ಅತ್ತಾಗ ಸರದು ನಿಂದ್ರು.”

ಬಾಯಲ್ಲಿ ಹಾಗೆಂದಳು, ಹೊಟ್ಟೆಯಲ್ಲಿ ಬೇರೆಯೇ ಇತ್ತು. ಮಗ ಗುರುಬಸವ ಬಾಡಿಗೆ ಟೆಂಪೊ ಓಡಿಸುತ್ತಾನೆ, ಗಾಡಿ ಇದ್ದ ದಿನ ಗಳಿಕೆ, ಇಲ್ಲದ ದಿನ ಇಲ್ಲ. ಖೋಲಿಯ ಬಾಡಿಗೆ ಹೊರುವುದು ಈ ಒಲೆ. ಯಂತ್ರ ಒಲೆಯ ಮೇಲೆ ಚಾಡಿ ಹೇಳಿದರೆ ಮುಂದೇನು? ನಿಮ್ಮ ಹೆಸರು ಯಾರಿಗೂ ಹೋಗುವುದಿಲ್ಲ ಎಂದು ಮಾಧುರಿ ಹೇಳಿದ್ದಳು. ಆದರೆ ಹೇಳಿದ್ದೆಲ್ಲ ನಡೆಯುವ ಊರು ಇದಲ್ಲ ಎಂದು ರುದ್ರವ್ವ ಮೂವತ್ತು ವರ್ಷದಲ್ಲಿ ಕಲಿತಿದ್ದಳು.

ಉಪಾಯ ತಾನಾಗಿ ಹೊಳೆಯಿತು. ಖೋಲಿಯ ಮೇಲರ್ಧಕ್ಕೆ ಹಲಗೆಯ ಅಟ್ಟ, ಅದಕ್ಕೆ ಕಬ್ಬಿಣದ ಏಣಿ. ಆರು ತಿಂಗಳ ಬಸುರಿ ಶಿವಕುಮಾರಿ ಮಲಗುವುದು ಅಲ್ಲಿ. ಹೋದ ವರ್ಷದ ಕೂಸು ಏಳು ತಿಂಗಳಿಗೇ ಹುಟ್ಟಿ, ನಾಲ್ಕು ದಿನ ಇದ್ದು ಹೋಗಿತ್ತು. ಈ ಸಲ ರುದ್ರವ್ವ ಬಹಳ ಹುಷಾರು. ಬೆಳಗಿನ ಐದರಿಂದ ಒಂಬತ್ತರವರೆಗೆ ಒಲೆ ಉರಿಯುವಷ್ಟು ಹೊತ್ತು ಸೊಸೆ ಕೆಳಗಿಳಿಯಕೂಡದು, ಒಲೆಯ ಮುಂದೆ ಕೂಡಕೂಡದು. ಮೇಲೆಯೇ ಮಲಗಿರಬೇಕು. ಅತ್ತೆ ಇದ್ದರೆ ಇಂಥವಳಿರಬೇಕು ಎಂದು ಗಲ್ಲಿಯ ಹೆಂಗಸರು ಹೊಗಳುತ್ತಿದ್ದರು.

ಎರಡೂ ದಿನ ಬೆಳಿಗ್ಗೆ ಐದಕ್ಕೆ ರುದ್ರವ್ವ ಯಂತ್ರವನ್ನು ಕೊರಳಿಂದ ತೆಗೆದು, ಅಟ್ಟ ಹತ್ತಿ, ಸೊಸೆಯ ತಲೆದೆಸೆಯ ಮೊಳೆಗೆ ತೂಗುಹಾಕಿದಳು. ಹೊಗೆ ಇಲ್ಲದ ಜಾಗದ ಗಾಳಿ ಕುಡಿದುಕೊಂಡು ಯಂತ್ರ ಒಳ್ಳೆಯ ಮಾತಾಡಲಿ ಎಂದು.

“ಅತ್ತಿ, ಇದು ಬೆಕ್ಕಿನಂಗ ಗುರ್ ಅಂತೈತಿ,” ಎಂದು ಶಿವಕುಮಾರಿ ಮಗ್ಗುಲಾದಳು. ಎರಡು ಸಲ ಕೆಮ್ಮಿದಳು.

“ಅನ್ನಲಿ. ಹಾಳ್ಯಾಗ ಐದರಿಂದ ಒಂಬತ್ತು ರೊಟ್ಟಿ ಬಡದ್ನಿ ಅಂತ ಬರಿ. ಯಂತ್ರದ ಸುದ್ದಿ ಬರೀಬ್ಯಾಡ.”

ಹತ್ತು ದಿನ ಬಿಟ್ಟು ಮಾಧುರಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಪರದೆಯ ಮೇಲೆ ಒಂದು ಗೆರೆ ಸಪಾಟಾಗಿ ಬಂದು, ಬೆಳಗಿನ ಐದಕ್ಕೆ ಗುಡ್ಡದಂತೆ ಎದ್ದು, ಒಂಬತ್ತರ ನಂತರ ಮೆಲ್ಲಗೆ ಇಳಿದಿತ್ತು.

“ಈ ಗಲ್ಲಿಯೊಳಗ ಕಟಗಿ ಒಲಿ ಹಚ್ಚೂ ಬಾಕಿಯವರದ್ದು ಧೂಳಿನ ಲೆಕ್ಕಾ ಮುನ್ನೂರು, ಮುನ್ನೂರೈವತ್ತು ಬರ್ತದ,” ಎಂದಳು. “ನಿಮ್ಮದು ಒಂಬೈನೂರು. ಇಷ್ಟು ಹ್ಯಾಂಗ ಬರ್ತದ? ನಿಮ್ಮ ಒಲಿ ಬಾಗಲದಾಗ ಅದ, ಗಾಳಿ ಆಡ್ತದ. ಮಶೀನ್ ಖರಾಬ್ ಆಗಿರಬೇಕು. ನಿಮ್ಮ ಮನಿ ಲಿಸ್ಟಿನಿಂದ ತಗದುಬಿಡ್ತೀನಿ.”

ರುದ್ರವ್ವನ ಎದೆಯಿಂದ ಭಾರ ಇಳಿಯಿತು. ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಅವಳ ತಲೆಯೊಳಗೆ ಲೆಕ್ಕ ಒಂದು ಕೂಡಿಬರಲಿಲ್ಲ. ಹೊಗೆ ಇರುವುದು ಕೆಳಗೆ, ಯಂತ್ರ ಇದ್ದದ್ದು ಮೇಲೆ.

“ಖರಾಬ್ ಆಗಿಲ್ಲ ಅಂದ್ರ?” ಎಂದು ಕೇಳಿದಳು.

“ಆಗಿಲ್ಲ ಅಂದ್ರ, ದಿನಾ ನಾಲ್ಕು ತಾಸು ಅಂಥಾ ಗಾಳಿಯೊಳಗ ಇದ್ದವರು...” ಎನ್ನುತ್ತ ಮಾಧುರಿ ಏಣಿಯ ಮೆಟ್ಟಿಲ ಮೇಲೆ ಕೂತಿದ್ದ ಬಸುರಿಯನ್ನು ನೋಡಿದಳು. ಲ್ಯಾಪ್‌ಟಾಪ್ ಮುಚ್ಚಿದಳು.

ಆ ರಾತ್ರಿ ರುದ್ರವ್ವನಿಗೆ ಯಂತ್ರದ ಮೇಲೆ ಅನುಮಾನ, ತನ್ನ ಮೇಲೂ ಅನುಮಾನ. ಮರುದಿನ ನಸುಕಿನಲ್ಲಿ ಸೊಸೆಯನ್ನು ಪಕ್ಕದ ಗಲ್ಲಿಯ ಚಂದ್ರವ್ವನ ಮನೆಗೆ ಮಲಗಲು ಕಳಿಸಿದಳು. ಎರಡು ಸ್ಟೀಲ್ ತಾಟು ತೊಳೆದು ಒರೆಸಿ ಎರಡಕ್ಕೂ ತೆಳ್ಳಗೆ ಎಣ್ಣೆ ಸವರಿದಳು. ಒಂದನ್ನು ಒಲೆಯ ಪಕ್ಕ, ತಾನು ಕೂಡುವ ಮಣೆಯ ಹತ್ತಿರ ಇಟ್ಟಳು. ಇನ್ನೊಂದನ್ನು ಅಟ್ಟದ ಮೇಲೆ ಸೊಸೆಯ ದಿಂಬಿನ ಮೇಲೆ. ಎಂದಿನಂತೆ ತೊಂಬತ್ತು ರೊಟ್ಟಿ ಬಡಿದಳು. ನಡುವೆ ಒಮ್ಮೆ ಏಣಿ ಹತ್ತಿ ತಲೆ ಹಾಕಿ ನೋಡಿದಳು. ಹೊಗೆಗೆ ಪಳಗಿದ ಕಣ್ಣು ಉರಿಯಲಿಲ್ಲ, ಹೊಗೆ ದಟ್ಟವಾಗಿ ಕಾಣಲಿಲ್ಲ. ಇಷ್ಟು ದಿನ ಅವಳನ್ನು ಮೋಸಗೊಳಿಸಿದ್ದು ಅದೇ.

ಒಂಬತ್ತಕ್ಕೆ ಎರಡೂ ತಾಟು ಬಾಗಿಲ ಬೆಳಕಿಗೆ ತಂದು ಬೆರಳಾಡಿಸಿದಳು. ಕೆಳಗಿನ ತಾಟಿನಿಂದ ಬೆರಳಿಗೆ ಬೂದು ಬಣ್ಣ ಹತ್ತಿತು. ಮೇಲಿನ ತಾಟಿನಿಂದ ಕಾಡಿಗೆ ಡಬ್ಬಿಯಲ್ಲಿ ಅದ್ದಿ ತೆಗೆದಂತೆ ಕರೀ ಮಸಿ.

ಹೊಗೆ ಮೇಲಕ್ಕೆ ಹೋಗುತ್ತದೆ ಎಂಬುದು ಕೂಸಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಬಸುರಿಯನ್ನು ಹೊಗೆಯಿಂದ ದೂರ ಎಂದು ಹೊಗೆಯ ದಾರಿಯಲ್ಲೇ ಮಲಗಿಸಿದ್ದಳು. ಖೋಲಿಯಲ್ಲಿ ದೂರ ಎಂದು ಇದ್ದದ್ದು ಅದೊಂದೇ ಜಾಗ.

ಚಂದ್ರವ್ವನ ಮಗನ ಕೈಯಿಂದ ಫೋನ್ ಹಚ್ಚಿಸಿದಳು. ಮಾಧುರಿ ಮಧ್ಯಾಹ್ನದ ಲೋಕಲ್ ರೈಲು ಹಿಡಿದು ಬಂದಳು, ಅಷ್ಟರಲ್ಲಿ ಸೊಸೆಯೂ ಮನೆಗೆ ಮರಳಿದ್ದಳು. ರುದ್ರವ್ವ ತಾಟುಗಳನ್ನು ಮುಂದಿಟ್ಟು, ಕಣ್ಣು ನೆಲಕ್ಕೆ ಹಾಕಿ ಹೇಳಿದಳು:

“ನಿಮ್ಮ ಯಂತ್ರ ಖರಾಬ್ ಇಲ್ರಿ ಬಾಯಾರ. ನನ್ನ ಬುದ್ಧಿ ಖರಾಬ್ ಆಗಿತ್ತು. ಒಲಿ ಬಂದ್ ಮಾಡಸ್ತೀರಿ ಅಂತ ಅಂಜಿ ಅದನ್ನ ಅಟ್ಟದ ಮ್ಯಾಲ ತೂಗ ಹಾಕಿದ್ನಿ. ಸುಳ್ಳ ಬರಿ ಅಂತ ಈಕಿಗೆ ನಾನ ಹೇಳಿದ್ನಿ.”

ಬೈಗುಳಕ್ಕೆ ತಯಾರಾಗಿ ನಿಂತಿದ್ದಳು. ಮಾಧುರಿ ಬೈಯಲಿಲ್ಲ. ತಾಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿ ನೋಡಿದಳು. ಎಷ್ಟು ಹೊತ್ತು ಇಟ್ಟಿದ್ದಿರಿ, ಎಣ್ಣೆ ಎರಡಕ್ಕೂ ಒಂದೇ ಅಳತೆಯೇ, ಮೊಳೆ ದಿಂಬಿನಿಂದ ಎಷ್ಟು ಎತ್ತರ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ಫೋಟೊ ತೆಗೆದಳು.

“ಒಲಿ ಮುಂದಿನ ಗಾಳಿ ಅಂತ ನಿಮ್ಮ ಎರಡು ದಿನದ ಲೆಕ್ಕಾ ಇನ್ನ ಹಿಡೀಲಿಕ್ಕೆ ಬರೂದಿಲ್ಲ,” ಎಂದಳು. “ಆದರ ಅಟ್ಟದ ಮ್ಯಾಲಿನ ಗಾಳಿ ಅಳೀಬೇಕು ಅಂತ ನಮಗ ಯಾರಿಗೂ ಹೊಳದಿದ್ದಿಲ್ಲ. ಅಡಿಗಿ ಮಾಡಾವರಿಗಷ್ಟ ಮಶೀನ್ ಕಟ್ಟಿದ್ವಿ.”

ರುದ್ರವ್ವನಿಗೆ ಕೇಳಬೇಕಾದದ್ದು ಬೇರೆ ಇತ್ತು. ಸೊಸೆ ಒಣಗಿದ ಬಟ್ಟೆ ತರಲು ಆಚೆ ಹೋದದ್ದು ನೋಡಿ ದನಿ ತಗ್ಗಿಸಿದಳು.

“ಹ್ವಾದ ವರ್ಷದ ಕೂಸು... ಅದಕ್ಕೂ ಈ ಹೊಗಿನ ಕಾರಣೇನ್ರಿ?”

ಮಾಧುರಿ ಪೆನ್ನು ಕೆಳಗಿಟ್ಟಳು. “ಹೌದು ಅನ್ನಲಿಕ್ಕೂ ಆಗೂದಿಲ್ಲ, ಅಲ್ಲ ಅನ್ನಲಿಕ್ಕೂ ಆಗೂದಿಲ್ಲ. ಇಂಥ ಗಾಳಿಯೊಳಗ ಇದ್ದ ಬಸುರಿಯರಿಗೆ ದಿನ ತುಂಬೂದಕ್ಕಿಂತ ಮೊದಲ ಹೆರಿಗಿ ಆಗೂದು ಜಾಸ್ತಿ. ಆದರ ಒಂದ ಮನಿ ನೋಡಿ ಇದರಿಂದನ ಆತು ಅಂದ್ರ ಸುಳ್ಳಾಗ್ತದ. ಅದಕ್ಕ ಇನ್ನೂರು ಮನಿ ತಿರಗ್ತೀನಿ.”

“ನಿಮ್ಮ ಇನ್ನೂರು ಮನಿ ಮುಗಿಯೂತನಕ ಹೊಟ್ಟ್ಯಾಗಿನ ಕೂಸು ಕಾಯೂದಿಲ್ಲಲ್ರಿ.”

“ಕಾಯೂದಿಲ್ಲ,” ಎಂದಳು ಮಾಧುರಿ. “ಅದಕ್ಕ ನನ್ನ ಲೆಕ್ಕಾದ ದಾರಿ ನೀವೂ ಕಾಯಬ್ಯಾಡ್ರಿ.”

ರುದ್ರವ್ವ ಕಾಯಲಿಲ್ಲ. ಸೊಸೆಯನ್ನು ಬರೀ ಕೆಳಗಿಳಿಸಿದರೆ ಸಾಲದು, ಕೆಳಗಿನ ತಾಟೂ ಬೂದಾಗಿತ್ತು. ಆ ವಾರವೇ ಒಲೆ ಕಿತ್ತು ಮಣ್ಣನ್ನು ಗಲ್ಲಿಯ ತಗ್ಗಿಗೆ ಸುರಿದಳು. ಕಿವಿಯ ಬುಗುಡಿ ಮಾರಿ ದೊಡ್ಡ ಬರ್ನರ್ ಇರುವ ಗ್ಯಾಸ್ ಒಲೆ ತಂದಳು. ರೊಟ್ಟಿಗೆ ಮೂರು ರೂಪಾಯಿ ಏರಿಸಿದಳು.

ಹಣಮಂತ ಮೊದಲ ತುತ್ತಿಗೇ ಮುಖ ಗಂಟಿಕ್ಕಿದ. “ಹೊಗಿ ವಾಸನಿ ಇಲ್ಲದ್ದು ರೊಟ್ಟಿ ಏನಕ್ಕಾ? ಕಾಗದ ತಿಂದಂಗ ಆಗತೈತಿ.”

“ವಾಸನಿ ಬೇಕಂದ್ರ ಬೀಡಿ ಹಚಗೊಂಡು ತಿನ್ನು.”

ಹದಿನೈದು ದಿನ ಗೊಣಗುತ್ತ ತಿಂದ. ಆಮೇಲೆ ಅವನ ಟೋಳಿ ಬೇರೆ ಖಾನಾವಳಿಗೆ ಹೋಯಿತು. ಮಾಧುರಿಯ ಹಾಳೆಗೆ ಹೊಸ ಪ್ರಶ್ನೆಯೊಂದು ಸೇರಿತು: ಒಲೆ ಉರಿಯುವಾಗ ಅಟ್ಟದ ಮೇಲೆ ಯಾರಿರುತ್ತಾರೆ? ಇನ್ನೂರು ಮನೆಗಳಲ್ಲಿ ಮೂವತ್ತೊಂದು ಮನೆಯವರು ಯಾರೋ ಒಬ್ಬರ ಹೆಸರು ಹೇಳಿದರು. ಹೆಚ್ಚಿನವು ಮಕ್ಕಳ ಹೆಸರು.

ಶಿವಕುಮಾರಿಯ ಕೆಮ್ಮು ಮೂರು ವಾರಕ್ಕೆ ನಿಂತಿತು. ದಿನ ತುಂಬಿ ಹೆಣ್ಣು ಹುಟ್ಟಿತು, ಎರಡು ಕಿಲೊ ಆರುನೂರು ಗ್ರಾಂ. ಗಾಳಿ ಬದಲಾದದ್ದರಿಂದಲೇ ಹೀಗಾಯಿತು ಎಂದು ಹೇಳಲು ಮಾಧುರಿ ಒಪ್ಪಲಿಲ್ಲ, ಹೇಳಿಸಲು ರುದ್ರವ್ವನೂ ಹಟ ಹಿಡಿಯಲಿಲ್ಲ. ಹೋದದ್ದು ದಿನಕ್ಕೆ ಮೂವತ್ತು ರೊಟ್ಟಿ ಮತ್ತು ಒಂದು ಜೊತೆ ಬುಗುಡಿ. ಉಳಿದದ್ದು ತಾಯಿ, ಮಗಳು.